ಲ್ಯಾಬ್ರಡಾರ್ ತೂಕ 38 ಕೆಜಿ: ಅನ್ನ-ಸಾರು, ರೊಟ್ಟಿ-ಹಾಲು ಬಿಟ್ಟು ಮನೆ ಊಟದಲ್ಲೇ ಸರಿ ಮಾಡೋದು ಹೇಗೆ?

ಬೆಣ್ಣೆನಗರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗಂಡು ಲ್ಯಾಬ್ರಡಾರ್, 4 ವರ್ಷ, ಮರಿ ಆಗದ ಆಪರೇಷನ್ ಆಗಿದೆ. ತೂಕ 38 ಕೆಜಿ. 32ಕ್ಕೆ ಇಳಿಸಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ಥೈರಾಯ್ಡ್ ರಕ್ತಪರೀಕ್ಷೆ ಸರಿ ಇದೆ, ಜಂತುಹುಳದ ಮಾತ್ರೆ ಹೋದ ತಿಂಗಳು ಕೊಟ್ಟಾಗಿದೆ.

ಈಗಿನ ಊಟ: ಬೆಳಿಗ್ಗೆ ಅರ್ಧ ಲೀಟರ್ ಪ್ಯಾಕೆಟ್ ಹಾಲಿಗೆ ಒಂದು ಜೋಳದ ರೊಟ್ಟಿ ಮುರಿದು ಹಾಕುತ್ತೇವೆ. ಮಧ್ಯಾಹ್ನ ಇನ್ನೆರಡು ರೊಟ್ಟಿ. ಸಂಜೆ ಗ್ಲೂಕೋಸ್ ಬಿಸ್ಕತ್ತು 8. ರಾತ್ರಿ ಅನ್ನ-ಸಾರು, ಅನ್ನ ತೂಗಿದರೆ ಅರ್ಧ ಕೆಜಿ. ಭಾನುವಾರ ಚಿಕನ್ ಸಾರಿನ ಮೂಳೆ. ಮನೆಯವರು ಮಂಡಕ್ಕಿ ತಿನ್ನುವಾಗ ಅದಕ್ಕೂ ಒಂದು ಹಿಡಿ.

ಮೈಕೂದಲು ಮಂಕಾಗಿದೆ, ಉದುರುತ್ತೆ. ಎಷ್ಟು ಹಾಕಿದರೂ ಹಸಿವು ಅನ್ನೋ ಹಾಗೆ ಮುಖ ನೋಡುತ್ತೆ. ಡಬ್ಬಿ ಫುಡ್ ಮೇಲೇ ಇಡೋದು ಬೇಡ ಅಂತಿದೆ, ಮನೆಯಲ್ಲೇ ಬೇಯಿಸಿ ಹಾಕಲು ತಯಾರಿದ್ದೇವೆ. ಯಾವುದನ್ನು ಎಷ್ಟು ಗ್ರಾಂ ಹಾಕಬೇಕು ಅಂತ ಲೆಕ್ಕ ಸಮೇತ ಹೇಳಿದರೆ ಉಪಕಾರ. ರಾಗಿ ಹಾಕಬಹುದಾ?

ಹೊಳೆದಂಡೆ, ಹರಿಹರ

ತೂಗಿ ಬರೆದಿದ್ದೀರಿ, ಅದರಿಂದಲೇ ಅರ್ಧ ಕೆಲಸ ಆಯ್ತು. ಮೊದಲು ಈಗಿನ ಊಟದ ಲೆಕ್ಕ ನೋಡೋಣ. ಹಾಲು 290 ಕ್ಯಾಲರಿ. ರೊಟ್ಟಿ ಒಂದಕ್ಕೆ 60 ಗ್ರಾಂ ಹಿಟ್ಟು ಹಿಡಿದರೆ ಮೂರಕ್ಕೆ 600. ಅರ್ಧ ಕೆಜಿ ಅನ್ನ 650. ಬಿಸ್ಕತ್ತು ಸುಮಾರು 180. ಮಂಡಕ್ಕಿ, ಮೂಳೆ ಬಿಟ್ಟೇ ದಿನಕ್ಕೆ 1,700 ದಾಟುತ್ತೆ.

ಬೇಕಾಗಿರೋದು ಎಷ್ಟು? ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಮಾಡಿ. ಇರಬೇಕಾದ ತೂಕವನ್ನು ಮೂರು ಸಲ ಗುಣಿಸಿ: 32 × 32 × 32 = 32,768. ಆಮೇಲೆ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 13.45 ಬರುತ್ತೆ. ಅದನ್ನು 70ರಿಂದ ಗುಣಿಸಿದರೆ 942. ಸುಮ್ಮನೆ ಮಲಗಿದ್ದರೂ ದೇಹ ಸುಡುವ ಕ್ಯಾಲರಿ ಇದು. ಆಪರೇಷನ್ ಆದ ಬೆಳೆದ ನಾಯಿ ತೂಕ ಹಾಗೇ ಉಳಿಸಿಕೊಳ್ಳಲು ಇದರ 1.4ರಿಂದ 1.6 ಪಟ್ಟು ಬೇಕು. ತೂಕ ಇಳಿಸುವಾಗ ಒಂದು ಪಟ್ಟು ಸಾಕು. ಅಂದರೆ ನಿಮ್ಮ ನಾಯಿಗೆ ದಿನಕ್ಕೆ 940.

ಆದರೆ ಈಗಿನ ಊಟವನ್ನೇ ಅರ್ಧ ಮಾಡಿ ಹಾಕಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಈ 1,700 ಕ್ಯಾಲರಿಯಲ್ಲಿ ಪ್ರೊಟೀನ್ ಇರೋದೇ 50 ಗ್ರಾಂ, ಅಂದರೆ ಸಾವಿರ ಕ್ಯಾಲರಿಗೆ 29. ನಾಯಿ ಆಹಾರದ ಚೀಲಗಳು ಅನುಸರಿಸುವ ಅಮೆರಿಕದ ಎಎಎಫ್‌ಸಿಓ ಮಾನದಂಡದಲ್ಲಿ ಬೆಳೆದ ನಾಯಿಗೆ ಸಾವಿರ ಕ್ಯಾಲರಿಗೆ ಕನಿಷ್ಠ 45 ಗ್ರಾಂ ಪ್ರೊಟೀನ್, 1.25 ಗ್ರಾಂ ಕ್ಯಾಲ್ಸಿಯಂ ಇರಬೇಕು. ಅರ್ಧ ಮಾಡಿದರೆ ಕೊಬ್ಬಿನ ಜತೆ ಮಾಂಸಖಂಡವೂ ಕರಗುತ್ತೆ, ಹಸಿವು ಇನ್ನೂ ಕೆರಳುತ್ತೆ. ಕೂದಲು ಮಂಕಾಗೋದಕ್ಕೂ ಈ ಊಟವೇ ಕಾರಣ ಇರಬಹುದು: ಪ್ರೊಟೀನ್ ಕಡಿಮೆ, ಎಣ್ಣೆಯಲ್ಲಿ ಸಿಗುವ ಲಿನೋಲಿಯಿಕ್ ಅನ್ನೋ ಕೊಬ್ಬಿನಾಮ್ಲವೂ ಕಡಿಮೆ, ಧಾನ್ಯದಲ್ಲಿರುವ ಫೈಟೇಟ್ ಅನ್ನೋ ಅಂಶ ಸತುವನ್ನು (ಜಿಂಕ್) ಕಟ್ಟಿಹಾಕುತ್ತೆ. ಸತು ಕಡಿಮೆ ಆದರೆ ಕಣ್ಣು, ಬಾಯಿಯ ಸುತ್ತ, ಮೊಣಕೈ ಮೇಲೆ ಹಕ್ಕಳೆ ಕಟ್ಟುತ್ತೆ, ಅಲ್ಲಿ ನೋಡಿ. ಉಣ್ಣೆ ಹುಳ ಇದೆಯಾ ಅಂತ ಕಿವಿಯ ಮಡಿಕೆ, ಕಾಲ್ಬೆರಳ ಸಂದಿ ಬಿಡಿಸಿಯೂ ನೋಡಿ.

ದಿನದ ಊಟ ಹೀಗಿರಲಿ. ಮಾಂಸದ ತೂಕ ಹಸಿಯದು, ಹಿಟ್ಟಿನ ತೂಕ ಒಣಗಿನದು:

ಚರ್ಮ, ಮೂಳೆ ತೆಗೆದ ಚಿಕನ್ 250 ಗ್ರಾಂ (300 ಕ್ಯಾಲರಿ)
ಕೋಳಿ ಲಿವರ್ 30 ಗ್ರಾಂ (35)
ಬೇಯಿಸಿದ ಮೊಟ್ಟೆ 1 (72)
ರಾಗಿ ಹಿಟ್ಟು 90 ಗ್ರಾಂ (295)
ಸಿಹಿಗುಂಬಳ, ಬೀನ್ಸ್, ಕ್ಯಾರೆಟ್ ಸೇರಿ 200 ಗ್ರಾಂ (55)
ಮೊಸರು 100 ಗ್ರಾಂ (60)
ಸೂರ್ಯಕಾಂತಿ ಎಣ್ಣೆ 1 ಟೀ ಚಮಚ (40)

ಒಟ್ಟು ಸುಮಾರು 860 ಕ್ಯಾಲರಿ, ಪ್ರೊಟೀನ್ 75 ಗ್ರಾಂ. ಉಳಿದ 80 ಕ್ಯಾಲರಿ ನೀವು ಕೈಯಿಂದ ಕೊಡುವ ತಿಂಡಿಗೆ. ಗ್ಲೂಕೋಸ್ ಬಿಸ್ಕತ್ತಾದರೆ ಮೂರಕ್ಕೇ ಅದು ಮುಗಿಯಿತು. ಸೌತೆಕಾಯಿ, ಹಸಿ ಕ್ಯಾರೆಟ್ ತುಂಡಾದರೆ ಇಡೀ ದಿನ ಒಂದೊಂದೇ ಕೊಡಬಹುದು. ಮನೆಯವರೆಲ್ಲರ ಕೈ ತಿಂಡಿಯೂ ಈ ಲೆಕ್ಕದೊಳಗೇ ಬರಬೇಕು. ಬೆಳಿಗ್ಗೆಯೇ ಒಂದು ಡಬ್ಬಿಗೆ ತುಂಬಿಡಿ, ಯಾರು ಕೊಟ್ಟರೂ ಅದರಿಂದಲೇ ಕೊಡಲಿ.

ರಾಗಿ ಧಾರಾಳವಾಗಿ ಹಾಕಬಹುದು, ಅಕ್ಕಿಗಿಂತ ಅದರಲ್ಲಿ ಕ್ಯಾಲ್ಸಿಯಂ ಎಷ್ಟೋ ಹೆಚ್ಚು. ನಾಯಿ ಮಾಂಸಾಹಾರಿ, ಧಾನ್ಯ ಅರಗಲ್ಲ ಅನ್ನೋದು ತಪ್ಪು. ಪಿಷ್ಟ ಒಡೆಯುವ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ ಹಲವು ಪ್ರತಿ ಇರೋದು 2013ರಲ್ಲೇ ಗೊತ್ತಾಗಿದೆ. ಆದರೆ ಪಿಷ್ಟ ಚೆನ್ನಾಗಿ ಬೆಂದಿರಬೇಕು.

ಮುಖ ನೋಡಿ ಮೋಸ ಹೋಗಬೇಡಿ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವ ಪಿಒಎಂಸಿ ಅನ್ನೋ ಜೀನ್‌ನ ಒಂದು ತುಂಡು ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರ್‌ಗೆ ಹುಟ್ಟುತ್ತಲೇ ಇರುವುದಿಲ್ಲ. ತಟ್ಟೆ ಖಾಲಿ ಆಯ್ತು, ಇನ್ನೂ ಬೇಕಂತೆ ಅನ್ನೋದು ಈ ತಳಿಯಲ್ಲಿ ಅಳತೆಗೋಲೇ ಅಲ್ಲ.

ಬೆಣ್ಣೆನಗರಿ, ದಾವಣಗೆರೆ

ತುಂಬಾ ಧನ್ಯವಾದ ಸರ್. ಮೊಟ್ಟೆ ಚಿಪ್ಪಿನ ಪುಡಿ ಹಾಕಬೇಕು ಅಂತ ಕೇಳಿದ್ದೆ, ಹಾಕಬೇಕಾ? ಒಂದೇ ಸಲ ಮಾಡಿ ಫ್ರಿಜ್‌ನಲ್ಲಿ ಇಡಬಹುದಾ?

ಹೊಳೆದಂಡೆ, ಹರಿಹರ

ಹಾಕಲೇಬೇಕು. ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಇಲ್ಲ ಅನ್ನುವಷ್ಟು ಕಡಿಮೆ. ಹಾಗೇ ತಿಂಗಳುಗಟ್ಟಲೆ ಹಾಕಿದರೆ ದೇಹ ರಕ್ತದ ಕ್ಯಾಲ್ಸಿಯಂ ಸರಿತೂಗಿಸಲು ಮೂಳೆಯಿಂದಲೇ ತೆಗೆಯುತ್ತೆ, ದವಡೆ ಮತ್ತು ಕಾಲಿನ ಮೂಳೆ ಮೆತ್ತಗಾಗುತ್ತೆ. ಕ್ಯಾಲ್ಸಿಯಂ ಯಾವಾಗಲೂ ರಂಜಕದಷ್ಟಾದರೂ ಇರಬೇಕು, ಅದರ ಎರಡು ಪಟ್ಟು ಮೀರಬಾರದು.

ಚಿಪ್ಪನ್ನು ತೊಳೆದು ಹತ್ತು ನಿಮಿಷ ಕುದಿಸಿ. ಬಿಸಿಲಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಆಮೇಲೆ ಕಾದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸಿ. ತಣ್ಣಗಾದ ಮೇಲೆ ಮಿಕ್ಸಿಯ ಚಿಕ್ಕ ಜಾರ್‌ನಲ್ಲಿ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಜಾಲಿಸಿ. ಎರಡು ಬೆರಳ ನಡುವೆ ಉಜ್ಜಿದರೆ ಗೋಪಿಚಂದನದ ಹಾಗೆ ನುಣ್ಣಗಿರಬೇಕು. ಕಣ ಉಳಿದರೆ ಗಂಟಲು, ಕರುಳು ಕೆರೆಯುತ್ತೆ, ಸರಿಯಾಗಿ ಅರಗೋದೂ ಇಲ್ಲ. ಮೇಲಿನ ಊಟಕ್ಕೆ ದಿನಕ್ಕೆ ಅರ್ಧ ಟೀ ಚಮಚ, ಸುಮಾರು 3 ಗ್ರಾಂ. ಅದರಲ್ಲಿ ಸುಮಾರು 1.1 ಗ್ರಾಂ ಕ್ಯಾಲ್ಸಿಯಂ ಇದೆ, ಉಳಿದದ್ದು ರಾಗಿ, ಮೊಸರಿನಿಂದ ಬರುತ್ತೆ. ರಾಗಿ ಬದಲು ಅಕ್ಕಿ ಹಾಕುವ ದಿನ ಮುಕ್ಕಾಲು ಚಮಚ ಮಾಡಿ.

ಚಿಪ್ಪಿನ ಪುಡಿಯಿಂದ ಕ್ಯಾಲ್ಸಿಯಂ ಒಂದೇ ತುಂಬೋದು. ಸತು, ಅಯೋಡಿನ್, ವಿಟಮಿನ್ ಇ, ವಿಟಮಿನ್ ಡಿ ಈ ಊಟದಲ್ಲೂ ಕಡಿಮೆಯೇ. ನಾಯಿಗೆಂದೇ ಮಾಡಿದ ವಿಟಮಿನ್-ಖನಿಜದ ಪುಡಿ ಸಿಗುತ್ತೆ. ಲೇಬಲ್‌ನಲ್ಲಿ ಈ ನಾಲ್ಕೂ ಹೆಸರು ಇದೆಯಾ ನೋಡಿ, ಪ್ರಮಾಣ ನಿಮ್ಮ ಡಾಕ್ಟ್ರನ್ನು ಕೇಳಿ ಹಾಕಿ. ಲಿವರ್ ಟಾನಿಕ್, ದನಕ್ಕೆ ಹಾಕುವ ಕ್ಯಾಲ್ಸಿಯಂ ದ್ರಾವಣ ಈ ಕೆಲಸಕ್ಕೆ ಬರಲ್ಲ.

ಅಡುಗೆ: ಚಿಕನ್, ಲಿವರ್ ಸಣ್ಣಗೆ ಹೆಚ್ಚಿ ತರಕಾರಿ ಜತೆ ಎರಡು ಲೋಟ ನೀರು ಹಾಕಿ ಕುಕ್ಕರ್‌ನಲ್ಲಿ ಎರಡು ಸೀಟಿ. ಆ ನೀರು ಚೆಲ್ಲಬೇಡಿ. ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಮೂರು ಲೋಟ ನೀರಿಗೆ ಬಿಟ್ಟು ಸಣ್ಣ ಉರಿಯಲ್ಲಿ 12-15 ನಿಮಿಷ ತಿರುವುತ್ತಿರಿ. ಹಸಿ ವಾಸನೆ ಹೋಗಿ ಹೊಳಪು ಬಂದಾಗ ಬೆಂದಿದೆ. ಐದೇ ನಿಮಿಷಕ್ಕೆ ಇಳಿಸಿದರೆ ಸಗಣಿ ಹಾಗೆ ಕಕ್ಕ ಮಾಡುತ್ತೆ, ಹೊಟ್ಟೆ ಗುಡುಗುಡು ಅನ್ನುತ್ತೆ. ಎಲ್ಲ ಕಲಸಿ ಹಿಸುಕಿಬಿಡಿ, ಇಲ್ಲವಾದರೆ ಚಿಕನ್ ಹೆಕ್ಕಿ ತಿಂದು ರಾಗಿ ಬಿಡುತ್ತೆ. ಎಣ್ಣೆ, ಮೊಸರು, ಪುಡಿಗಳು ತಣ್ಣಗಾದ ಮೇಲೆ.

ಮೂರು ದಿನದ್ದು ಒಟ್ಟಿಗೆ ಬೇಯಿಸಿ ಫ್ರಿಜ್‌ನಲ್ಲಿ ಇಡಬಹುದು, ಅದಕ್ಕಿಂತ ಹೆಚ್ಚಾದರೆ ಫ್ರೀಜರ್. ಏಪ್ರಿಲ್-ಮೇ ಬಿಸಿಲಲ್ಲಿ ತಟ್ಟೆಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಬಿಡಬೇಡಿ, ತಿನ್ನದಿದ್ದರೆ ಎತ್ತಿಬಿಡಿ. ಆ ಎರಡು ತಿಂಗಳು ಬೆಳಿಗ್ಗೆ 6ಕ್ಕೆ, ರಾತ್ರಿ 8ರ ಮೇಲೆ ಊಟ ಹಾಕಿ. ನೀರು ಕೆಜಿಗೆ 50-60 ಮಿಲಿ ಲೆಕ್ಕ, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಹೊಸ ಊಟಕ್ಕೆ ಎಂಟು ದಿನ ತೆಗೆದುಕೊಳ್ಳಿ. ಮೊದಲ ಎರಡು ದಿನ ಕಾಲು ಭಾಗ ಹೊಸದು, ಮುಂದಿನ ಎರಡು ದಿನ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಒಂದೇ ದಿನದಲ್ಲಿ ಬದಲಿಸಿ ಭೇದಿಯಾದರೆ ಚಿಕನ್ ಆಗಿಬರಲ್ಲ ಅಂತ ತಪ್ಪು ತಿಳಿಯುತ್ತೀರಿ.

ವಾರಕ್ಕೆ 400ರಿಂದ 700 ಗ್ರಾಂ ಇಳಿದರೆ ಸರಿಯಾದ ದಾರಿ, 32 ಮುಟ್ಟಲು ಎರಡರಿಂದ ಮೂರೂವರೆ ತಿಂಗಳು. ಎತ್ತಿಕೊಂಡು ತೂಗಲು ಆಗದ ನಾಯಿ ಇದು. ಆಸ್ಪತ್ರೆ ದೂರ ಆದರೆ ಗೊಬ್ಬರದ ಅಂಗಡಿಯ ನೆಲದ ತಕ್ಕಡಿ ಆಗುತ್ತೆ. ಪ್ರತಿ ವಾರ ಅದೇ ತಕ್ಕಡಿ, ಅದೇ ಹೊತ್ತು, ಊಟಕ್ಕೆ ಮುಂಚೆ. ಎರಡು ವಾರ ಮುಳ್ಳು ಅಲುಗದಿದ್ದರೆ ಮೊದಲು ಕೈ ತಿಂಡಿ ಡಬ್ಬಿ ನೋಡಿ, ಆಮೇಲೆ ರಾಗಿಯಲ್ಲಿ 20 ಗ್ರಾಂ ಕಡಿಮೆ ಮಾಡಿ. ಚಿಕನ್ ಕಡಿಮೆ ಮಾಡಬೇಡಿ.

ಕೋಟೆಬಾಗಿಲು, ಚಿತ್ರದುರ್ಗ

ಮೇಲಿನವರು ಹಾಕಬೇಕಾದ್ದು ಹೇಳಿದ್ದಾರೆ, ನಾನು ಹಾಕಬಾರದ್ದು ಹೇಳ್ತೀನಿ. ನಮ್ಮ ಕಡೆ ನಾಯಿಗಳಿಗೆ ಕುತ್ತು ಬರೋದು ಹೆಚ್ಚಾಗಿ ಸಾರಿನ ಪಾತ್ರೆಯಿಂದ.

ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಹಸಿದಾದರೂ ಅಷ್ಟೇ, ಬೆಂದದ್ದಾದರೂ ಅಷ್ಟೇ, ಪುಡಿ ಇನ್ನೂ ಕೆಟ್ಟದ್ದು. ಕೆಜಿ ತೂಕಕ್ಕೆ 15-30 ಗ್ರಾಂ ಈರುಳ್ಳಿ ಒಂದೇ ಸಲ ಹೊಟ್ಟೆಗೆ ಹೋದರೆ ವಿಷ, ಹತ್ತು ಕೆಜಿ ನಾಯಿಗೆ ಎರಡು ಗಡ್ಡೆ ಸಾಕು. ದಿನಾ ಸ್ವಲ್ಪ ಸ್ವಲ್ಪ ಹೋದರೂ ಹಾನಿ ಕೂಡುತ್ತಾ ಹೋಗುತ್ತೆ. ಲಕ್ಷಣ ಅದೇ ದಿನ ಕಾಣಲ್ಲ, ಮೂರರಿಂದ ಐದು ದಿನ ಬಿಟ್ಟು ಒಸಡು ಬಿಳಿಚುತ್ತೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತೆ. ಜಿಲ್ಲೆ ತುಂಬಾ ಈರುಳ್ಳಿ ಬೆಳೆ, ಕಣದಲ್ಲಿ ರಾಶಿ ಕಾಯೋ ನಾಯಿಯನ್ನ ಕೊಳೆತ ಗಡ್ಡೆ ಹತ್ತಿರ ಬಿಡಬೇಡ್ರಿ.

ಎರಡನೇದು ಹುಣಸೆಹಣ್ಣು. ದ್ರಾಕ್ಷಿ, ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡೋದಕ್ಕೆ ಅದರ ಟಾರ್ಟಾರಿಕ್ ಆಮ್ಲ ಕಾರಣ ಅಂತ 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಯಲ್ಲಿ ತುಂಬಿದೆ. ಹುಳಿ ಹಿಂಡಿದ ಸಾರು, ಹುಳಿಯನ್ನ, ಚಿಗಳಿ ಯಾವುದೂ ಬೇಡ.

ಇದಕ್ಕೆಲ್ಲ ಒಂದೇ ಉಪಾಯ ಐತಿ: ಬೇಳೆ, ತರಕಾರಿ ಬೆಂದ ಕೂಡಲೇ ನಾಯಿ ಪಾಲು ಬೇರೆ ಬಟ್ಟಲಿಗೆ ತೆಗೆದಿಡಿ. ಉಪ್ಪು, ಖಾರ, ಹುಳಿ, ಒಗ್ಗರಣೆ ಎಲ್ಲ ಆಮೇಲೆ. ಸಾರು ಆದ ಮೇಲೆ ಈರುಳ್ಳಿ ಚೂರು ಆರಿಸಿ ತೆಗೆದರೆ ಪ್ರಯೋಜನ ಇಲ್ಲ, ರಸ ಬಿಟ್ಟಾಗಿರುತ್ತೆ.

ಮೂರನೇದು ಬೂಷ್ಟು. ಮಳೆಗೆ ನೆಂದ ಮೆಕ್ಕೆಜೋಳ, ಮುಗ್ಗಿದ ಶೇಂಗಾ, ಹಳೇ ಶೇಂಗಾ ಹಿಂಡಿ. ಚಳ್ಳಕೆರೆ ಕಡೆ ಹಿಂಡಿ, ದಾವಣಗೆರೆ ಕಡೆ ಮೆಕ್ಕೆಜೋಳದ ನುಚ್ಚು ಸುಲಭಕ್ಕೆ ಸಿಗುತ್ತೆ, ದನಕ್ಕೆ ಬೇಡ ಅಂತ ಬಿಟ್ಟದ್ದನ್ನ ನಾಯಿಗೆ ಕುದಿಸಿ ಹಾಕ್ತಾರೆ. ಅದರಲ್ಲಿರೋ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಕುದಿಸಿದರೆ ಹೋಗಲ್ಲ, ದನಕ್ಕಿಂತ ನಾಯಿಯ ಲಿವರ್ ಇದಕ್ಕೆ ಬೇಗ ಸೋಲುತ್ತೆ. ಮೊದಲು ಊಟ ಬಿಡುತ್ತೆ, ಆಮೇಲೆ ವಾಂತಿ, ಕಣ್ಣಿನ ಬಿಳಿ ಹಳದಿಯಾಗುತ್ತೆ. ಆ ಹೊತ್ತಿಗೆ ತಡ ಆಗಿರುತ್ತೆ. ಕಾಳು ಒಡೆದಾಗ ಒಳಗೆ ಹಸಿರು-ಬೂದು ಪುಡಿ ಕಂಡರೆ, ಮುಗ್ಗಲು ವಾಸನೆ ಬಂದರೆ ಇಡೀ ಚೀಲ ಬಿಸಾಕ್ರಿ.

ಭಾನುವಾರದ ಚಿಕನ್ ಮೂಳೆ ಇವತ್ತೇ ನಿಲ್ಲಿಸ್ರಿ. ಬೆಂದ ಮೂಳೆ ಸೀಳಾಗಿ ಮುರಿದು ಕರುಳು ಚುಚ್ಚುತ್ತೆ. ಮಿಕ್ಕ ಬೆಣ್ಣೆ ದೋಸೆ, ಕೋಳಿ ಚರ್ಮ, ಮಟನ್ ಕೊಬ್ಬು ಒಟ್ಟಿಗೆ ಹೋದರೆ ಮೇದೋಜ್ಜೀರಕ ಗ್ರಂಥಿ ಊದುತ್ತೆ. ಪದೇ ಪದೇ ವಾಂತಿ ಮಾಡ್ತಾ ಮುಂಗಾಲು ನೆಲಕ್ಕೂರಿ ಹಿಂಭಾಗ ಮೇಲೆತ್ತಿ ನಿಂತರೆ ಅದು ಹೊಟ್ಟೆನೋವು. ಮನೆಮದ್ದು ಬೇಡ, ನೇರ ಆಸ್ಪತ್ರೆಗೆ. ದಪ್ಪ ನಾಯಿಗೆ ಇದರ ಅಪಾಯ ಇನ್ನೂ ಹೆಚ್ಚು. ಚಾಕೊಲೇಟು, ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನ ಜೈಲಿಟಾಲ್ ಕೂಡ ವಿಷವೇ.

ಮುಧೋಳ ನಾಯಿ ಇಟ್ಟವರು ಈ ಲ್ಯಾಬ್ರಡಾರ್ ಲೆಕ್ಕ ಹಿಡಿಯಬೇಡ್ರಿ. ಅದಕ್ಕೆ ಕೊನೆಯ ಎರಡು-ಮೂರು ಪಕ್ಕೆಲುಬು ಕಾಣೋದೇ ಆರೋಗ್ಯ. ಬಡಕಲು ಅಂತ ತುಂಬಿಸಿದರೆ ಕೀಲು ಹಾಳು. 25 ಕೆಜಿಯ ಮುಧೋಳಕ್ಕೆ ಮನೆ ಹತ್ತಿರ ಇದ್ದರೆ 1,400 ಕ್ಯಾಲರಿ, ದಿನಾ ಹೊಲದಲ್ಲಿ ಓಡಿದರೆ 1,600ರಿಂದ 1,950. ಎದೆಗೂಡು ಆಳ ಇರೋ ತಳಿ, ಒಂದೇ ಹೊತ್ತು ದೊಡ್ಡ ಊಟ ಹಾಕಿ ಓಡಿಸಿದರೆ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುತ್ತೆ, ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತೆ. ಎರಡು ಹೊತ್ತು ಹಾಕ್ರಿ, ಓಡಾಟ ಮುಗಿದು ಏದುಸಿರು ಇಳಿದ ಮೇಲೆ ಹಾಕ್ರಿ, ಉಂಡ ಮೇಲೆ ಎರಡು ಗಂಟೆ ಕಟ್ಟಿಡ್ರಿ.

ದುಂಡುಮಲ್ಲಿಗೆ, ದಾವಣಗೆರೆ

ನಮ್ಮದು ಮೊಟ್ಟೆನೂ ತರದ ಮನೆ. 12 ಕೆಜಿ ನಾಟಿ ಹೆಣ್ಣು ನಾಯಿ, 2 ವರ್ಷ, ಆಪರೇಷನ್ ಆಗಿದೆ. ಹಾಲು, ಅನ್ನ, ಬೇಳೆ ಮೇಲೆ ಇದೆ. ಹಾಲು ಕುಡಿದ ದಿನ ಭೇದಿ ಆಗುತ್ತೆ. ಬಿಸಿಲಿಗೆ ಬಿಟ್ಟರೆ ವಿಟಮಿನ್ ಡಿ ಬರುತ್ತೆ ಅಲ್ವಾ?

ಹೊಳೆದಂಡೆ, ಹರಿಹರ

ಬರಲ್ಲ ಅಕ್ಕಾರೆ. ಮನುಷ್ಯರ ಹಾಗೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಾಗುವಷ್ಟು ವಿಟಮಿನ್ ಡಿ ತಯಾರಿಸಲ್ಲ, ಅದು ಊಟದಲ್ಲೇ ಸಿಗಬೇಕು. ಹಾಲು ನಿಲ್ಲಿಸಿ ಮೊಸರಿಗೆ ಬನ್ನಿ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಕಡಿಮೆ, ಭೇದಿಗೆ ಅದೇ ಕಾರಣ. ಮೊಸರಲ್ಲಿ ಆ ಸಕ್ಕರೆ ಸ್ವಲ್ಪ ಕರಗಿರುತ್ತೆ.

ನಿಮ್ಮ ಮನೆಗೆ ನನ್ನ ಸಲಹೆ ಬೇರೆ: ಚೀಲದ ಮೇಲೆ ಪೂರ್ಣ ಮತ್ತು ಸಮತೋಲಿತ ಆಹಾರ ಅಂತ ಸ್ಪಷ್ಟವಾಗಿ ಬರೆದಿರುವ ಸಸ್ಯಾಹಾರಿ ನಾಯಿ ಫುಡ್ ಮುಖ್ಯ ಊಟವಾಗಿರಲಿ. ಆ ಸಾಲು ಇಲ್ಲದ್ದು ಪೂರಕ ಆಹಾರ ಅಷ್ಟೇ. 12 ಕೆಜಿಗೆ ದಿನಕ್ಕೆ ಸುಮಾರು 720 ಕ್ಯಾಲರಿ ಬೇಕು. ಚೀಲದಲ್ಲಿ ಕೆಜಿಗೆ 3,500 ಅಂತ ಇದ್ದರೆ 205 ಗ್ರಾಂ ಆಯ್ತು. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಸಡಿಲವಾಗಿ ಕೆಜಿ ಲೆಕ್ಕದಲ್ಲಿ ಮಾರುವುದನ್ನು ತರಬೇಡಿ. ಗಾಳಿಗೆ ತೆರೆದಿಟ್ಟರೆ ಅದರ ಕೊಬ್ಬು ಕಮಟಾಗುತ್ತೆ, ತಯಾರಾದ ದಿನಾಂಕವೂ ಗೊತ್ತಾಗಲ್ಲ. ಚೀಲ ಒಡೆದ ಮೇಲೆ ಆರು ವಾರದೊಳಗೆ ಮುಗಿಯುವಷ್ಟೇ ತನ್ನಿ, ಚೀಲದ ಸಮೇತ ಡಬ್ಬಿಯಲ್ಲಿಡಿ.

ಮನೆಯಲ್ಲೇ ಮಾಡುವುದಾದರೆ: ಸೋಯಾ ಚಂಕ್ಸ್ ಒಣಗಿನದು 50 ಗ್ರಾಂ, ಅಕ್ಕಿ 60 ಗ್ರಾಂ, ಹೆಸರುಬೇಳೆ 30 ಗ್ರಾಂ, ಮೊಸರು 150 ಗ್ರಾಂ, ಸಿಹಿಗುಂಬಳ 100 ಗ್ರಾಂ, ಎಣ್ಣೆ 2 ಟೀ ಚಮಚ. ಕ್ಯಾಲರಿ 690, ಪ್ರೊಟೀನ್ ಸುಮಾರು 45 ಗ್ರಾಂ. ಚಂಕ್ಸ್ ಕುದಿಸಿ ಹಿಂಡಿ ನೀರು ಚೆಲ್ಲಿ, ಬೇಳೆ ನೆನೆಸಿ ಬೇಯಿಸಿ, ಇಲ್ಲವಾದರೆ ವಾಯು ತುಂಬುತ್ತೆ. ಪ್ರೊಟೀನ್ ಲೆಕ್ಕ ಸರಿಹೋದರೂ ಇದರಲ್ಲಿ ಬಿ12, ಡಿ, ಸತು, ಕ್ಯಾಲ್ಸಿಯಂ, ಟಾರಿನ್ ಕಡಿಮೆ. ಅವನ್ನು ತುಂಬುವ ಪುಡಿ ಇಲ್ಲದೆ ಇದೊಂದನ್ನೇ ತಿಂಗಳುಗಟ್ಟಲೆ ಹಾಕುವುದಕ್ಕೆ ನಾನು ಒಪ್ಪಲ್ಲ. ಮರಿಗಳಿಗಂತೂ ಬೇಡವೇ ಬೇಡ.

ಬೆಣ್ಣೆನಗರಿ, ದಾವಣಗೆರೆ

32 ಕೆಜಿ ಆದಾಗ ಸರಿಯಾಗಿದೆ ಅಂತ ತಕ್ಕಡಿ ಬಿಟ್ಟು ಬೇರೆ ಹೇಗೆ ತಿಳಿಯೋದು ಸರ್?

ಕೋಟೆಬಾಗಿಲು, ಚಿತ್ರದುರ್ಗ

ಕೈ ನೋಡ್ಕೊಳ್ಳಿ. ಅಂಗೈ ಚಾಚಿ ಹಿಂಬದಿಯ ಬೆರಳ ಬುಡದ ಮೂಳೆ ಸವರ್ರಿ, ಪಕ್ಕೆಲುಬು ಸವರಿದಾಗ ಹಾಗೇ ಸಿಗಬೇಕು. ಹೆಬ್ಬೆರಳ ಬುಡದ ಮೆತ್ತನೆ ಮಾಂಸದ ಹಾಗೆ ಸಿಕ್ಕರೆ ಇನ್ನೂ ದಪ್ಪ. ಮುಷ್ಟಿ ಕಟ್ಟಿದಾಗಿನ ಗೆಣ್ಣಿನ ಹಾಗೆ ಚೂಪಾಗಿ ಸಿಕ್ಕರೆ ಇಳಿದದ್ದು ಜಾಸ್ತಿ ಆಯ್ತು. ಮೇಲಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಗೆ ಹೋಗಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆ ಮೇಲಕ್ಕೆ ಏರಿರಬೇಕು. ಅಲ್ಲಿಗೆ ಬಂದ ಮೇಲೆ ಒಂದೇ ಸಲಕ್ಕೆ 1,300 ಕ್ಯಾಲರಿಗೆ ಹಾರಬೇಡ್ರಿ. ಹದಿನೈದು ದಿನಕ್ಕೆ ನೂರು ಕ್ಯಾಲರಿ ಏರಿಸ್ತಾ ಹೋಗ್ರಿ, ಯಾವ ಮಟ್ಟದಲ್ಲಿ ತೂಕ ನಿಲ್ಲುತ್ತೋ ಅದೇ ಅದರ ಊಟ.